ಮೇಲ್ ತೆಗೆದರೆ ಮೊದಲು ತಾರೀಖು ಕಾಣಲಿ

ಜುಲೈ 11ರ ಬೆಳಿಗ್ಗೆ ಅಜ್ಜಿ ನಮ್ಮ ರೂಮಿನ ಬಾಗಿಲಿಗೆ ಬಂದು, "ಏನ್ರೋ ತಮ್ಮಾ, ನನ್ನ ಕಾಗದ ಎಲ್ಲೀತನಕ ಬಂತು?" ಎಂದು ಕೇಳಿದಾಗ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೇಲ್ಮನವಿ ಹಾಕಲು ಕೊನೆಯ ದಿನ ಜುಲೈ 3 ಆಗಿತ್ತು. ಎಂಟು ದಿನ ಹಿಂದೆಯೇ ಮುಗಿದಿತ್ತು.

ಅಜ್ಜಿಯ ಓಣಿಯಲ್ಲಿ ನಲ್ಲಿ ಹಾಕಿದ್ದಾರೆ, ನೀರು ಬಂದಿಲ್ಲ. ಕೆಲಸ ಮುಗಿದಿದೆ ಎಂದು ಬಿಲ್ ಆಗಿದೆಯಂತೆ. ಅದಕ್ಕೆ ಅಳತೆ ಪುಸ್ತಕದ ನಕಲು ಬೇಕೆಂದು ಅಜ್ಜಿಯ ಹೆಸರಲ್ಲೇ ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದೆವು. ಜೂನ್ 3ಕ್ಕೆ ಉತ್ತರ ಬಂತು, ಆದರೆ ಅರ್ಧಂಬರ್ಧ. ಕಾರ್ಯಾದೇಶದ ನಕಲು ಇತ್ತು, ಅಳತೆ ಪುಸ್ತಕ ಇರಲಿಲ್ಲ. ಇಂಥ ಉತ್ತರ ಒಪ್ಪಿಗೆಯಾಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ, ಉತ್ತರ ಕೈಸೇರಿದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು. ಉತ್ತರವೇ ಬರದಿದ್ದರೆ, ಉತ್ತರ ಕೊಡಬೇಕಾದ 30 ದಿನ ಮುಗಿದ ಮೇಲೆ ಮತ್ತೆ 30 ದಿನ.

ಇದೆಲ್ಲ ನಮಗೆ ಗೊತ್ತಿತ್ತು. ಕ್ಲಾಸಿನಲ್ಲಿ ಓದಿದ್ದೆವು, ಊರೂರಿನಲ್ಲಿ ಹೇಳಿಕೊಟ್ಟೂ ಇದ್ದೆವು. ಕಾಗದವನ್ನು ಸ್ಕ್ಯಾನ್ ಮಾಡಿ ನಾವೆಲ್ಲ ಬಳಸುವ ಒಂದೇ ಮೇಲ್‌ಗೆ ಕಳಿಸಿಕೊಂಡೆವು. ಔಟ್‌ಲುಕ್‌ನ ಕ್ಯಾಲೆಂಡರ್‌ನಲ್ಲಿ ಜುಲೈ 3ನೇ ತಾರೀಖಿಗೆ "ಅಜ್ಜಿ ಮೇಲ್ಮನವಿ" ಅಂತ ಬರೆದೂ ಬಿಟ್ಟೆವು. ಬರೆದಿದ್ದೇನೋ ನಿಜ, ಆದರೆ ಆ ಪುಟ ತೆಗೆದು ನೋಡಿದವರು ಯಾರೂ ಇಲ್ಲ.

ಯಾಕೆಂದರೆ ಮೇಲ್ ತೆಗೆದ ಕೂಡಲೇ ಎದುರಿಗೆ ಬರುವುದು ಇನ್‌ಬಾಕ್ಸ್. ಅಲ್ಲಿ "ಪ್ರಕಟಣೆಯ ಕೃಪೆಗಾಗಿ" ಅಂತ ಬಂದ ಇಪ್ಪತ್ತು ಪತ್ರಿಕಾ ಪ್ರಕಟಣೆ, ಸನ್ಮಾನದ ಫೋಟೊ, ಉದ್ಘಾಟನೆಯ ಆಮಂತ್ರಣ. ಒಂದನ್ನು ಓದುವಷ್ಟರಲ್ಲಿ ಇನ್ನೆರಡು ಬಂದಿರುತ್ತವೆ. ಕ್ಯಾಲೆಂಡರ್ ಮೂಲೆಯಲ್ಲಿ ಸಣ್ಣ ಗುರುತಾಗಿ ಕೂತಿರುತ್ತದೆ. ನೆನಪಿಸುವ ಕಿಟಕಿ ಪದೇ ಪದೇ ಮೇಲೆ ಬಂದು ತಲೆ ತಿನ್ನುತ್ತದೆ ಎಂದು ಅದನ್ನೂ ನಾವೇ ಬಂದ್ ಮಾಡಿ ಇಟ್ಟಿದ್ದೆವು. ತಪ್ಪು ಪೂರ್ತಿ ನಮ್ಮದೇ.

ಅಜ್ಜಿಯ ಮನೆಗೆ ಹೋದರೆ ಗೋಡೆ ಕ್ಯಾಲೆಂಡರ್ ಬಾಗಿಲ ಎದುರಿಗೇ ಇದೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಸಂಘದ ಕಂತು, ಎಲ್ಲ ಅದರ ಮೇಲೇ. ಅಜ್ಜಿಗೆ ಓದಲು ಅಷ್ಟಾಗಿ ಬರುವುದಿಲ್ಲ, ಆದರೆ ಒಂದು ಕಂತೂ ತಪ್ಪಿಲ್ಲ. ಒಳಗೆ ಕಾಲಿಟ್ಟರೆ ಕಣ್ಣಿಗೆ ಬೀಳುವುದೇ ತಾರೀಖು. ನಾವು ಮಾತ್ರ ನಮ್ಮ ಕ್ಯಾಲೆಂಡರನ್ನು ಹಿತ್ತಲಲ್ಲಿ ನೇತುಹಾಕಿದ್ದೆವು.

ಅವತ್ತೇ ಸಂಜೆ ಅದನ್ನು ಪಡಸಾಲೆಗೆ ತಂದೆವು. ಎರಡು ನಿಮಿಷದ ಕೆಲಸ. ಕಂಪ್ಯೂಟರ್‌ನಲ್ಲಿ ಹಳೆಯ ಮಾದರಿಯ ಔಟ್‌ಲುಕ್ ಇದ್ದರೆ ಫೈಲ್ ಒತ್ತಿ, ಆಪ್ಷನ್ಸ್‌ಗೆ ಹೋಗಿ, ಅಲ್ಲಿ ಅಡ್ವಾನ್ಸ್ಡ್. 'ಸ್ಟಾರ್ಟ್ ಔಟ್‌ಲುಕ್ ಇನ್ ದಿಸ್ ಫೋಲ್ಡರ್' ಎಂಬ ಸಾಲಿನ ಮುಂದೆ ಇನ್‌ಬಾಕ್ಸ್ ಎಂದಿರುತ್ತದೆ. ಪಕ್ಕದ ಬ್ರೌಸ್ ಒತ್ತಿ ಕ್ಯಾಲೆಂಡರ್ ಆರಿಸಿ, ಓಕೆ ಕೊಡಿ, ಇನ್ನೊಂದು ಓಕೆ. ಔಟ್‌ಲುಕ್ ಮುಚ್ಚಿ ಮತ್ತೆ ತೆಗೆದರೆ ತಾರೀಖುಗಳೇ ಮೊದಲು ಬರುತ್ತವೆ. ಅದೇ ಅಡ್ವಾನ್ಸ್ಡ್ ಪುಟದಲ್ಲಿ ಇನ್ನಷ್ಟು ಕೆಳಗೆ 'ಶೋ ರಿಮೈಂಡರ್ಸ್' ಇದೆ. ನಾವು ತೆಗೆದುಹಾಕಿದ್ದ ಆ ಟಿಕ್ಕನ್ನೂ ವಾಪಸ್ ಹಾಕಿದೆವು.

ಫೋನಿನಲ್ಲೇ ಎಲ್ಲ ನೋಡುವವರು ಇನ್ನೂ ಸುಲಭವಾಗಿ ಮಾಡಬಹುದು. ಆಂಡ್ರಾಯ್ಡ್ ಫೋನಾದರೆ ಮೊದಲ ಪರದೆಯ ಖಾಲಿ ಜಾಗವನ್ನು ಒತ್ತಿ ಹಿಡಿಯಿರಿ, ವಿಜೆಟ್ಸ್ ಎಂದು ಬರುತ್ತದೆ, ಅದರಲ್ಲಿ ಕ್ಯಾಲೆಂಡರ್ ಹಿಡಿದು ಪರದೆಗೆ ಎಳೆದು ಬಿಡಿ. ಆಮೇಲೆ ವಾಟ್ಸಾಪ್ ತೆಗೆಯಲು ಹೋದಾಗಲೂ ತಾರೀಖು ಕಾಣುತ್ತದೆ.

ಮೊದಲ ವಾರ ತಾರೀಖಿನ ಪುಟ ಬಹುತೇಕ ಖಾಲಿ ಇತ್ತು, ನೋಡಿದರೆ ನಾಚಿಕೆಯಾಗುತ್ತಿತ್ತು. ಆಮೇಲೆ ಕಾಗದ ಒಡೆದವರೇ ಅಲ್ಲೇ ತಾರೀಖು ಬರೆಯಬೇಕು, ಚಹಾ ಆಮೇಲೆ ಎಂದು ಮಾಡಿಕೊಂಡೆವು. ನಮ್ಮಲ್ಲೊಬ್ಬ ಈಗಲೂ ಔಟ್‌ಲುಕ್ ತೆಗೆದ ತಕ್ಷಣ ಕಂಟ್ರೋಲ್ ಮತ್ತು 1 ಒತ್ತಿ ಸೀದಾ ಮೇಲ್‌ಗೆ ಓಡುತ್ತಾನೆ. ಕಂಟ್ರೋಲ್ ಮತ್ತು 2 ಒತ್ತಿದರೆ ಕ್ಯಾಲೆಂಡರ್‌ಗೆ ವಾಪಸ್ ಬರಬಹುದು ಎಂದು ಅವನಿಗೆ ಗೊತ್ತು. ಅದನ್ನು ಒತ್ತಿದ್ದು ಮಾತ್ರ ನಾವು ನೋಡಿಲ್ಲ.

ಅಜ್ಜಿಯ ಮುಂದೆ ಸುಳ್ಳು ಹೇಳಲಿಲ್ಲ. "ಗಡುವು ತಪ್ಪಿಸಿದೆವು ಅಜ್ಜಿ" ಅಂದೆವು. ಬೈಯಲಿಲ್ಲ. "ಮತ್ತ ಈಗೇನು ಮಾಡೂದು?" ಎಂದಷ್ಟೇ ಕೇಳಿದಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಒಂದು ದಾರಿ ಇತ್ತು. ತಡವಾಗಲು ಸಾಕಷ್ಟು ಕಾರಣವಿದೆ ಎಂದು ಮೇಲ್ಮನವಿ ಅಧಿಕಾರಿಗೆ ಅನ್ನಿಸಿದರೆ 30 ದಿನ ದಾಟಿದ ಮೇಲೂ ತೆಗೆದುಕೊಳ್ಳಬಹುದು ಎಂದು ಕಾಯ್ದೆಯ 19ನೇ ಕಲಮಿನಲ್ಲೇ ಇದೆ. ತೆಗೆದುಕೊಳ್ಳಲೇಬೇಕು ಅಂತೇನಿಲ್ಲ. ಹಾಗಾಗಿ ಅರ್ಜಿದಾರರದು ತಪ್ಪಿಲ್ಲ, ಕಾಗದ ನೋಡಿಕೊಳ್ಳುತ್ತಿದ್ದ ನಾವು ತಾರೀಖು ಮರೆತೆವು ಎಂದು ಇದ್ದದ್ದನ್ನು ಇದ್ದಂತೆ ಬರೆದು ಮರುದಿನವೇ ಮೇಲ್ಮನವಿ ಹಾಕಿದೆವು. ಅಜ್ಜಿ ಹೆಬ್ಬೆಟ್ಟು ಒತ್ತಿದಳು.

ಮೊನ್ನೆ ವಿಚಾರಣೆಯ ನೋಟಿಸ್ ಬಂದಿದೆ. ಬರುವ ಗುರುವಾರ, ಬೆಳಿಗ್ಗೆ 11 ಗಂಟೆಗೆ. ತಡವಾದದ್ದನ್ನು ಮನ್ನಿಸುತ್ತಾರೋ ಇಲ್ಲವೋ ಅಲ್ಲೇ ತಿಳಿಯಬೇಕು. ಅಜ್ಜಿ ತಾನೂ ಬರುತ್ತಾಳಂತೆ, ಎಂಟರ ಬಸ್ಸಿಗೆ. ಈ ಬೆಳಿಗ್ಗೆ ಔಟ್‌ಲುಕ್ ತೆಗೆದಾಗ ಬಸ್ಸಿನ ಹೊತ್ತೂ ಸೇರಿ ಎದುರಿಗೇ ಇತ್ತು. ಅಜ್ಜಿಯ ಗೋಡೆಯ ಕ್ಯಾಲೆಂಡರ್‌ನಲ್ಲೂ ಗುರುವಾರದ ಸುತ್ತ ಒಂದು ಸುನ್ನಿ ಸುತ್ತಿ ಬಂದಿದ್ದೇವೆ.