ಕೆಂಪು ಕಾಣದ ಆಳದಲ್ಲಿ

ನೀರಿಗಿಳಿದವರಿಂದ ಸಮುದ್ರವು ಮೊದಲು ಕಸಿದುಕೊಳ್ಳುವುದು ಕೆಂಪು ಬಣ್ಣವನ್ನು. 5 ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಮಂಕಾಗುತ್ತದೆ. ಅನಂತರ ಕಿತ್ತಳೆ, ಅದರ ಬೆನ್ನಿಗೇ ಹಳದಿ. 15 ಮೀಟರ್ ದಾಟಿದ ಮೇಲೆ ಉಳಿಯುವುದು ನೀಲಿ, ಹಸಿರು ಮತ್ತು ಇವೆರಡರ ನಡುವಿನ ಬೂದು. ಕಣ್ಣು ಮತ್ತು ನೆನಪು ಕೂಡಿ ಈ ನಷ್ಟವನ್ನು ಒಂದಿಷ್ಟು ತುಂಬಿಕೊಳ್ಳುತ್ತವೆ. ಕ್ಯಾಮೆರಾಕ್ಕೆ ಆ ದಾಕ್ಷಿಣ್ಯವಿಲ್ಲ.

ನಾನು ಭಟ್ಕಳ ತಾಲ್ಲೂಕಿನ ಕರಾವಳಿಯವನು. ಈಗ ಮುಂಬಯಿಯ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಕಡತಗಳ ನಡುವೆ ಇರುವವನು. ಕಡಲ ಮಗ್ಗುಲಲ್ಲೇ ಹುಟ್ಟಿದರೂ ಅದರ ಒಳಗನ್ನು ನೋಡಿದ್ದು ನಲವತ್ತು ದಾಟಿದ ಮೇಲೆ. ಎಲ್‌ಟಿಸಿ ರಜೆಯಲ್ಲಿ ಅಂಡಮಾನಿಗೆ ಹೋದಾಗ, ಹಿಂದೆ ಹ್ಯಾವ್ಲಾಕ್ ಎನ್ನಿಸಿಕೊಂಡಿದ್ದ ಸ್ವರಾಜ್ ದ್ವೀಪದಲ್ಲಿ ಡೈವಿಂಗ್ ಕಲಿತೆ. ಮರುವರ್ಷ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ, ಎರವಲು ಕ್ಯಾಮೆರಾದಲ್ಲಿ ಚಿತ್ರಗಳನ್ನು ತೆಗೆದು ಊರಿಗೆ ತಂದೆ.

ನನ್ನ ತಾಯಿ ನಲವತ್ತು ವರ್ಷ ಮೀನಿನ ಬುಟ್ಟಿ ಹೊತ್ತವಳು. ನನ್ನ ಇಂಗ್ಲಿಷ್ ಎಂ.ಎ.ಯ ಶುಲ್ಕವೂ ಆ ಬುಟ್ಟಿಯಿಂದಲೇ ಬಂದದ್ದು. ಚಿತ್ರಗಳನ್ನು ಒಂದೊಂದಾಗಿ ನೋಡಿ ಅವಳು ಹೇಳಿದ್ದಿಷ್ಟೆ: "ತಮಾ, ಇದೆಲ್ಲ ಹಳೇ ಮೀನಲ್ದಾ? ಬಣ್ಣವೇ ಇಲ್ಲ." ಕಿವಿರಿನ ಕೆಂಪು ನೋಡಿ ಮೀನಿನ ತಾಜಾತನವನ್ನು ಅಳೆಯುವವಳ ಮಾತದು. ಅವಳ ಪಾಲಿಗೆ ಬಣ್ಣವು ಅಲಂಕಾರವಲ್ಲ, ಜೀವದ ಪುರಾವೆ. ಆಳದ ನೀರು ಕೆಂಪನ್ನು ಹೀರುತ್ತದೆಂದು ವಿವರಿಸಿದೆ. ಅವಳು ತಲೆಯಾಡಿಸಿದಳು, ಒಪ್ಪಲಿಲ್ಲ. ಜೀವಮಾನವೆಲ್ಲ ಸಮುದ್ರವನ್ನು ನಂಬಿ ಬದುಕಿದವಳಿಗೆ ಅದರ ಒಳಗನ್ನು ಒಮ್ಮೆಯಾದರೂ ಅವಳು ನಂಬುವಂತೆ ತೋರಿಸಬೇಕು ಎಂಬ ಹಂಬಲ ಅಂದು ಹುಟ್ಟಿತು. ಅವಳಿಗೆ ಎಪ್ಪತ್ತೈದು, ಒಂದು ಕಣ್ಣಿನ ಪೊರೆ ತೆಗೆದಾಗಿದೆ, ಇನ್ನೊಂದು ಕಣ್ಣು ಮಂಜಾಗುತ್ತಿದೆ. ಕಾಲ ನನ್ನ ಕಡೆಗಿರಲಿಲ್ಲ.

ಕಚೇರಿಯಲ್ಲಿ ಟೆಂಡರ್ ನೋಡುವಾಗ ತಾಂತ್ರಿಕ ಅರ್ಹತೆ ಮೊದಲು, ಬೆಲೆ ಆಮೇಲೆ. ಆ ಕ್ರಮವನ್ನೇ ಮನೆಗೂ ತಂದೆ. ಹಣದ ಮಿತಿಯೊಳಗೆ ಎರಡೇ ದಾರಿಗಳಿದ್ದವು. ಒಂದು, ಸೋನಿ ಆರ್‌ಎಕ್ಸ್100 ಬಗೆಯ, 1 ಇಂಚಿನ ಸೆನ್ಸರ್ ಇರುವ ಕ್ಯಾಮೆರಾ ಮತ್ತು ಅದಕ್ಕೊಂದು ಹೌಸಿಂಗ್, ಅಂದರೆ ನೀರು ನುಸುಳದ ಗಟ್ಟಿ ಕವಚ. ಎರಡು, ಒಲಿಂಪಸ್ ಟಿಜಿ ಸರಣಿಯ ಪುಟ್ಟ ಕ್ಯಾಮೆರಾ, ಅದರ ಹೌಸಿಂಗ್, ಜೊತೆಗೊಂದು ಸ್ಟ್ರೋಬ್. ಮೊದಲನೆಯದರ ಸೆನ್ಸರ್ ಎರಡನೆಯದಕ್ಕಿಂತ ವಿಸ್ತೀರ್ಣದಲ್ಲಿ ಸುಮಾರು ನಾಲ್ಕು ಪಟ್ಟು ದೊಡ್ಡದು. ಮಂದ ಬೆಳಕಿನಲ್ಲಿ ಅದರ ಚಿತ್ರವೇ ಮೇಲು, ಇದರಲ್ಲಿ ವಾದವಿಲ್ಲ.

ಆದರೆ ಮಂದ ಬೆಳಕು ಬೇರೆ, ಇಲ್ಲದ ಬೆಳಕು ಬೇರೆ. ಆಳದಲ್ಲಿ ಕೆಂಪು ಕಡಿಮೆಯಾಗಿರುವುದಲ್ಲ, ತಲುಪುವುದೇ ಇಲ್ಲ. ಬಾರದ ಬಣ್ಣವನ್ನು ಎಷ್ಟು ದೊಡ್ಡ ಸೆನ್ಸರ್ ಆದರೂ ಹಿಡಿಯಲಾರದು. ಕಂಪ್ಯೂಟರಿನಲ್ಲಿ ತಿದ್ದಿದರೆ ಬರುವುದು ಮೀನಿನ ಬಣ್ಣವಲ್ಲ, ನಮ್ಮ ಊಹೆ. ಆ ಬೆಳಕನ್ನು ನಾವೇ ಕೆಳಗೆ ಒಯ್ಯಬೇಕು. ಒಯ್ದಮೇಲೆ ಬೆಳಕು ನಮ್ಮದೇ ಆದುದರಿಂದ ಚಿಕ್ಕ ಸೆನ್ಸರಿನ ಕೊರತೆಯೂ ಬಹುಮಟ್ಟಿಗೆ ನೀಗುತ್ತದೆ. ಹೀಗೆ ಸ್ಟ್ರೋಬ್ ನನ್ನ ಪಟ್ಟಿಯ ಕೊನೆಯಿಂದ ಮೊದಲ ಸಾಲಿಗೆ ಬಂತು.

ಈ ಮಾತು ಹಳೆಯದೇ. ಫ್ರಾನ್ಸಿನ ಲೂಯಿ ಬೂತಾನ್ 1893ರಲ್ಲಿ ನೀರಿನಡಿ ಚಿತ್ರ ತೆಗೆಯಲು ಹೊರಟಾಗಲೇ ಬೆಳಕಿಗಾಗಿ ಮೆಗ್ನೀಸಿಯಮ್ ಉರಿಸುವ ಏರ್ಪಾಟು ಮಾಡಿಕೊಳ್ಳಬೇಕಾಯಿತು. 1926ರಲ್ಲಿ ಲಾಂಗ್ಲಿ ಮತ್ತು ಮಾರ್ಟಿನ್ ಫ್ಲಾರಿಡಾದ ಕಡಲಲ್ಲಿ ಮೊದಲ ಬಣ್ಣದ ಚಿತ್ರಗಳನ್ನು ತೆಗೆದಾಗ, ತೆಪ್ಪದ ಮೇಲೆ ಮೆಗ್ನೀಸಿಯಮ್ ಪುಡಿಯನ್ನು ಸಿಡಿಸಿ ನೀರಿನೊಳಕ್ಕೆ ಮಿಂಚು ಹಾಯಿಸಿದರು. ಅವರಿಗೆ ತೆಪ್ಪದಷ್ಟು ದೊಡ್ಡದಾಗಿದ್ದ ಸಮಸ್ಯೆ ಇಂದು ಮುಷ್ಟಿಗಾತ್ರದ ದೀಪಕ್ಕೆ ಇಳಿದಿದೆ.

ಹಾಗಾದರೆ 15 ಮೀಟರ್‌ವರೆಗೆ ತಾನೇ ನೀರು ತಡೆಯುವ ಟಿಜಿ ಕ್ಯಾಮೆರಾಕ್ಕೆ ಹೌಸಿಂಗ್ ಏಕೆ? ಕಾರಣ ಎರಡು. ಆರಂಭದ ಹಂತದ ಡೈವಿಂಗ್ ಪ್ರಮಾಣಪತ್ರವೇ 18 ಮೀಟರ್‌ಗೆ ಅನುಮತಿ ಕೊಡುತ್ತದೆ. ಕ್ಯಾಮೆರಾದ ಮಿತಿ ಅದಕ್ಕಿಂತ ಕಡಿಮೆ. ಹೌಸಿಂಗ್ ಹಾಕಿದರೆ 45 ಮೀಟರ್. ಎರಡನೆಯದಾಗಿ, ಕ್ಯಾಮೆರಾದ ಸ್ವಂತ ಫ್ಲಾಷ್ ಮಿನುಗಿದಾಗ ಆ ಸಂಜ್ಞೆಯನ್ನು ಸ್ಟ್ರೋಬಿಗೆ ಒಯ್ಯುವ ಫೈಬರ್ ತಂತಿಯನ್ನು ಸಿಕ್ಕಿಸುವುದು ಹೌಸಿಂಗಿಗೇ. ಇದರಿಂದ ಬೇಡದೆಯೇ ಬಂದ ಲಾಭವೊಂದಿದೆ: ಹೌಸಿಂಗಿನ ರಬ್ಬರ್ ಬಳೆಯಲ್ಲಿ ಒಂದು ತಲೆಗೂದಲು ಸಿಕ್ಕಿಕೊಂಡರೂ ನೀರು ನುಗ್ಗುತ್ತದೆ, ಆಗ ಆರ್‌ಎಕ್ಸ್100 ಉಳಿಯುವುದು ಕಷ್ಟ, ಟಿಜಿ ಉಳಿದೀತು. ಸಂಬಳದಾರನಿಗೆ ಇದು ಸಣ್ಣ ಸಮಾಧಾನವಲ್ಲ.

ಸ್ಟ್ರೋಬ್ ಆರಿಸುವಾಗ ನಾನು ನೋಡಿದ್ದು ಬೆಳಕಿನ ಬಲವನ್ನು ಕೈಯಿಂದ ಏರಿಸಿ ಇಳಿಸುವ ತಿರುಗಣೆ ಇದೆಯೇ ಎಂಬುದನ್ನು. ಟಿಜಿಯಲ್ಲಿ ಶಟರ್ ವೇಗ, ದ್ಯುತಿರಂಧ್ರ ಎರಡನ್ನೂ ನಮ್ಮಿಚ್ಛೆಯಂತೆ ನಿಲ್ಲಿಸುವ ಪೂರ್ಣ ಮ್ಯಾನ್ಯುಯಲ್ ವ್ಯವಸ್ಥೆ ಇಲ್ಲ. ಹಾಗಾಗಿ ಹಿಡಿತವು ಸ್ಟ್ರೋಬಿನ ಕಡೆಯಿಂದಲಾದರೂ ಇರಬೇಕು. ನಾಲ್ಕು ಪೆನ್ಸಿಲ್ ಸೆಲ್ ಹಾಕುವ ಬಗೆಯನ್ನೇ ಕೊಂಡೆ. ತುರ್ತಿಗೆ ಅವು ಊರಿನ ಕಿರಾಣಿ ಅಂಗಡಿಯಲ್ಲೂ ಸಿಗುತ್ತವೆ. ಬೆಳಕನ್ನು ಲೆನ್ಸಿನಿಂದ ದೂರ ಹಿಡಿಯುವ ಮಡಚು ತೋಳು ಕೂಡ ಅನಿವಾರ್ಯ. ಲೆನ್ಸಿನ ಪಕ್ಕದಿಂದಲೇ ಬೆಳಕು ಹೊಮ್ಮಿದರೆ ನೀರಿನಲ್ಲಿ ತೇಲುವ ಕಣಗಳೆಲ್ಲ ಬೆಳಗಿ ಚಿತ್ರದಲ್ಲಿ ಹಿಮ ಸುರಿದಂತಾಗುತ್ತದೆ. ಘಟ್ಟದ ಮಂಜಿನಲ್ಲಿ ಹೈಬೀಮ್ ಹಾಕಿದ ಚಾಲಕನಿಗೆ ಇದು ಗೊತ್ತು. ಓರೆಯಾಗಿ ಬಿದ್ದ ಬೆಳಕು ಮೀನನ್ನು ಮುಟ್ಟುತ್ತದೆ, ನಡುವಿನ ಕಣಗಳನ್ನು ಹೆಚ್ಚಾಗಿ ಬಿಟ್ಟುಬಿಡುತ್ತದೆ.

ಕಳೆದ ಡಿಸೆಂಬರಿನಲ್ಲಿ ನೇತ್ರಾಣಿಯ ಬಂಡೆಯ ಸಂದಿನಲ್ಲಿ ದೊಡ್ಡ ಕಣ್ಣಿನ ಮೀನೊಂದು ಬೂದು ನೆರಳಿನಂತೆ ನಿಂತಿತ್ತು. ಮೊಳದ ದೂರಕ್ಕೆ ಹೋಗಿ ಗುಂಡಿ ಒತ್ತಿದೆ. ಪರದೆಯ ಮೇಲೆ ಮೂಡಿದ್ದು ಕುಂಕುಮದಂಥ ಕೆಂಪು. ಆ ಚಿತ್ರವನ್ನು ಅಮ್ಮ ಬೆಳಕಿಗೆ ಹಿಡಿದು, ಒಳ್ಳೆಯ ಕಣ್ಣಿಗೆ ಹತ್ತಿರ ತಂದು, ಬಹಳ ಹೊತ್ತು ನೋಡಿದಳು. "ಇದು ಜೀವ ಇದ್ದದ್ದು" ಎಂದಳು. ಆಮೇಲೆ ನನ್ನನ್ನು ಕೇಳಿದಳು: "ಅಲ್ಲಿ ಅದು ಹೀಗೇ ಕಾಣ್ತದಾ?"

ಇಲ್ಲ, ಕಾಣುವುದಿಲ್ಲ. ಆ ಪ್ರಶ್ನೆ ನನ್ನೊಂದಿಗೆ ಮುಂಬಯಿಗೂ ಬಂದಿದೆ. ಕೆಂಪು ತಲುಪದ ಲೋಕದಲ್ಲಿ ಕೆಂಪು ಮೈಯೆಂದರೆ ಅಡಗಿಕೊಳ್ಳುವ ಹೊದಿಕೆ. ಮೀನಿನ ನೆರೆಹೊರೆಗೆ ಅದು ನೆರಳು. ನನ್ನ ತಾಯಿಯ ಬುಟ್ಟಿಯಲ್ಲಿ, ಬಿಸಿಲಿನಲ್ಲಿ ಮಾತ್ರ ಅದು ಕೆಂಪು. ಸ್ಟ್ರೋಬ್ ಸುಳ್ಳು ಬಣ್ಣ ಬಳಿಯುವುದಿಲ್ಲ. ಸಂತೆಯ ಬಿಸಿಲನ್ನು ಒಂದು ಕ್ಷಣ ಅಲ್ಲಿಗೆ ಇಳಿಸುತ್ತದೆ, ಅಷ್ಟೆ. ಎರಡೂ ನಿಜ. ಯಾವ ನಿಜ ಯಾರಿಗೆ ಬೇಕೆಂದು ತಿಳಿದರೆ ಯಾವ ಕ್ಯಾಮೆರಾ ಬೇಕೆಂಬುದು ತಾನಾಗಿ ತೀರ್ಮಾನವಾಗುತ್ತದೆ.

ಕೊಳ್ಳಲು ಹೊರಟವರಿಗೆ ನನ್ನ ಮಾತು ಇಷ್ಟೆ. ಹವಳವನ್ನು ಮುಟ್ಟದೆ, ಮರಳನ್ನು ಕದಡದೆ ಒಂದೆಡೆ ತೇಲಿ ನಿಲ್ಲುವುದನ್ನು ಮೊದಲು ಕಲಿಯಿರಿ. ಅನಂತರ ಬೆಳಕಿಗೆ ಹಣ ತೆಗೆದಿಡಿ. ಉಳಿದದ್ದರಲ್ಲಿ ಕ್ಯಾಮೆರಾ ಕೊಳ್ಳಿ. ನೀರಿನಲ್ಲಿ ಬೆಳಕು ಹೋಗಿ ಮರಳಿ ಬರಬೇಕು. ಎರಡು ದಾರಿಯಲ್ಲೂ ಸಮುದ್ರ ತನ್ನ ಸುಂಕ ವಸೂಲು ಮಾಡುತ್ತದೆ. ಆದುದರಿಂದ ಎಷ್ಟು ಹತ್ತಿರ ಹೋಗಬಲ್ಲಿರೋ ಅಷ್ಟು ಹತ್ತಿರ ಹೋಗಿ, ಮೀನು ಬೆದರದ ಹಾಗೆ.