ಮೇಲುಕೋಟೆ: ತೊಟ್ಟಿ ಮನೆಗಳ ಬೀದಿಯಲ್ಲಿ ಹೊಸ ಮನೆಗಳು

ಜಕ್ಕನಹಳ್ಳಿ ದಾಟಿ ಬಸ್ಸು ಏರುದಾರಿ ಹಿಡಿಯುತ್ತಿದ್ದಂತೆ ಪ್ರಯಾಣಿಕರ ಕಣ್ಣೆಲ್ಲ ಮೇಲಕ್ಕೆ. ಬಂಡೆಯ ನೆತ್ತಿಯಲ್ಲಿ ಯೋಗನರಸಿಂಹನ ಗುಡಿಯ ಗೋಪುರ ಕಾಣಿಸಿಕೊಂಡರೆ ಸಾಕು, ಕೈಗಳು ತಾವಾಗಿಯೇ ಮುಗಿಯುತ್ತವೆ. ಬಸ್ಸಿಳಿದ ಮೇಲೆ ಚೆಲುವನಾರಾಯಣನ ದರ್ಶನ, ಕಲ್ಯಾಣಿಯ ಮೆಟ್ಟಿಲ ಮೇಲೊಂದು ಗಳಿಗೆ, ಅರ್ಧಕ್ಕೇ ನಿಂತ ರಾಯಗೋಪುರದ ಎದುರು ಫೋಟೊ, ಪುಳಿಯೋಗರೆಯ ಪೊಟ್ಟಣ. ಅಲ್ಲಿಗೆ ಮೇಲುಕೋಟೆ ಯಾತ್ರೆ ಮುಗಿಯಿತು. ಗುಡಿಯಿಂದ ಗುಡಿಗೆ ನಡೆಯುವಾಗ ಎರಡೂ ಬದಿಗೆ ನಿಂತಿರುವ ಮನೆಗಳತ್ತ ಕತ್ತು ತಿರುಗಿಸುವವರು ಕಡಿಮೆ. ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳಿಗೂ ಮೇಷ್ಟ್ರು ತೋರಿಸುವುದು ಗುಡಿಯನ್ನೇ.

ಆದರೆ ಮನೆ ಕಟ್ಟಿಸುವ ಯೋಚನೆಯಲ್ಲಿರುವವರು ಇಲ್ಲಿನ ಬೀದಿಗಳಲ್ಲಿ ಒಂದು ಗಂಟೆ ಸುಮ್ಮನೆ ಅಡ್ಡಾಡಬೇಕು. ಹಳೆಯ ಮನೆಗಳಿಗೆ ಬೀದಿಗಂಟಿದ ಜಗಲಿ, ಜಗಲಿಗೆ ಮರದ ಕಂಬ, ಕಂಬದ ಮೇಲೆ ಇಳಿಬಿದ್ದ ಹೆಂಚಿನ ಸೂರು. ನಡುವೆ ಥಟ್ಟನೆ ಒಂದು ಹೊಸ ಮನೆ: ಕಬ್ಬಿಣದ ಗೇಟು, ಸ್ಟೀಲ್ ಕಂಬಿಯ ಬಾಲ್ಕನಿ, ಮುಂಗೋಡೆಗೆ ಹೊಳೆಯುವ ಟೈಲ್ಸು, ತಾರಸಿಯ ಮೇಲೆ ಕಪ್ಪು ನೀರಿನ ಟ್ಯಾಂಕು. ಮತ್ತೆ ನಾಲ್ಕು ಹೆಜ್ಜೆ ಇಟ್ಟರೆ ಬೀಗ ಜಡಿದ, ಮಾಡು ಕುಸಿದ ಒಂದು ಹಳೆಯ ಮನೆ. ಹಳೆಯದು, ಹೊಸದು, ಯಾವುದೂ ಅಲ್ಲದ್ದು ಮೂರೂ ಒಂದೇ ಸಾಲಿನಲ್ಲಿ ಹೀಗೆ ನಿಂತಿರುವುದು ಎಲ್ಲ ಊರಿನಲ್ಲೂ ಸಿಗುವುದಿಲ್ಲ.

ಬೀದಿಯೇ ಬರೆದ ನಕ್ಷೆ

ತೊಟ್ಟಿ ಮನೆ ಎಂದರೆ ಇಂದಿನ ಎಷ್ಟೋ ಮಕ್ಕಳಿಗೆ ಅರ್ಥವಾಗುವುದಿಲ್ಲ. ತೊಟ್ಟಿ ಎಂದರೆ ಅವರಿಗೆ ನೆನಪಾಗುವುದು ಕಸದ ತೊಟ್ಟಿ! ಮನೆಯ ನಟ್ಟನಡುವೆ ಆಕಾಶಕ್ಕೆ ತೆರೆದುಕೊಂಡ ಚೌಕವೇ ತೊಟ್ಟಿ. ಸುತ್ತಲಿನ ನೆಲಕ್ಕಿಂತ ತುಸು ತಗ್ಗು. ಅದರ ಸುತ್ತ ಪಡಸಾಲೆ, ಪಡಸಾಲೆಗೆ ತೆರೆದುಕೊಂಡ ಕೋಣೆಗಳು, ಹಿಂದೆ ಅಡುಗೆಮನೆ, ಬಚ್ಚಲು, ಕೊನೆಗೆ ಹಿತ್ತಿಲು. ನಾಲ್ಕೂ ಕಡೆಯ ಮಾಡು ತೊಟ್ಟಿಯ ಕಡೆಗೇ ಇಳಿಜಾರು.

ಇದನ್ನು ಅಂದಕ್ಕೆಂದು ಕಟ್ಟಿದ್ದಲ್ಲ. ಗುಡಿಯ ಸುತ್ತಿನ ಬೀದಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಒಬ್ಬರ ಗೋಡೆಯೇ ಪಕ್ಕದವರಿಗೂ ಗೋಡೆ. ಎಡಬಲಕ್ಕೆ ಕಿಟಕಿ ಇಡುವಂತಿಲ್ಲ. ಬೆಳಕಿಗೆ, ಗಾಳಿಗೆ ಮುಂಬಾಗಿಲು, ಹಿತ್ತಿಲ ಬಾಗಿಲು ಎರಡೇ ದಾರಿ. ಮನೆ ಅಗಲ ಕಡಿಮೆಯಾಗಿ ಉದ್ದ ಹೆಚ್ಚಾದರೆ ನಡುವಿನ ಕೋಣೆಗಳ ಗತಿ ಏನು? ಅದಕ್ಕೇ ನಡುವೆ ಮಾಡನ್ನು ಬಿಡಿಸಿ ಆಕಾಶವನ್ನೇ ಒಳಗೆ ಬಿಟ್ಟುಕೊಂಡರು. ಬಿಸಿಯಾದ ಗಾಳಿ ಹಗುರ, ಅದು ಮೇಲೇರಿ ತೊಟ್ಟಿಯಿಂದ ಹೊರಗೆ ಹೋಗುತ್ತದೆ. ಆ ಜಾಗ ತುಂಬಲು ಬೀದಿಯ ಕಡೆಯಿಂದ, ಹಿತ್ತಿಲ ಕಡೆಯಿಂದ ತಂಪು ಗಾಳಿ ಬರುತ್ತದೆ. ಒಂದೂವರೆ ಎರಡು ಅಡಿ ದಪ್ಪದ ಮಣ್ಣಿನ ಗೋಡೆ ಹಗಲಿನ ಬಿಸಿಲನ್ನು ಒಳಕ್ಕೆ ಬಿಡುವಷ್ಟರಲ್ಲಿ ಸಂಜೆಯಾಗಿರುತ್ತದೆ. ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ‘ಉಷ್ಣ ಸಂವಹನ’ ಎಂದು ಬಾಯಿಪಾಠ ಮಾಡುವ ಸಂಗತಿ ಇಷ್ಟೆ.

ಇನ್ನು ನೀರು. ಮೇಲುಕೋಟೆ ಬಂಡೆಯ ಮೇಲಿನ ಊರು, ಹೊಳೆಯಿಲ್ಲ. ಆಕಾಶದಿಂದ ಬಿದ್ದದ್ದನ್ನು ಹಿಡಿದಿಟ್ಟುಕೊಂಡೇ ಊರು ಬದುಕಿತು. ಕಲ್ಯಾಣಿ, ಅಕ್ಕ-ತಂಗಿ ಕೊಳಗಳು, ಬಂಡೆಯ ಸಂದುಗಳಲ್ಲಿರುವ ಸಣ್ಣಪುಟ್ಟ ಕೊಳಗಳು ಎಲ್ಲ ಆ ಬುದ್ಧಿಯ ಫಲ. ಊರವರು ಕೊಳಗಳ ಲೆಕ್ಕವನ್ನು ನೂರೆಂಟು ಎನ್ನುತ್ತಾರೆ. ಊರಿಗೆ ಕಲ್ಯಾಣಿ ಹೇಗೋ ಮನೆಗೆ ತೊಟ್ಟಿ ಹಾಗೆ. ಮಳೆ ಬಂದರೆ ಸೂರಿನ ನಾಲ್ಕು ಮೂಲೆಗೆ ಹಂಡೆ, ಕೊಳಗ, ಬಿಂದಿಗೆ ಇಡುವ ಗಡಿಬಿಡಿ.

ಮಕ್ಕಳು ಮಾಡಿನೋಡಬಹುದಾದ ಒಂದು ಲೆಕ್ಕ ಇಲ್ಲಿದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಮಂಡ್ಯ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 700 ಮಿ.ಮೀ. ಮಳೆ. ಹತ್ತು ಚದರದ, ಅಂದರೆ ಸುಮಾರು 93 ಚದರ ಮೀಟರಿನ ಮಾಡಿನ ಮೇಲೆ ಬೀಳುವುದು 65,000 ಲೀಟರ್. ಆವಿಯಾಗಿ, ಚೆಲ್ಲಿ ಐದರಲ್ಲೊಂದು ಪಾಲು ಹೋಯಿತೆಂದರೂ 52,000 ಉಳಿಯಿತು. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 50 ಲೀಟರ್ ಸಾಕೆಂದರೆ ವರ್ಷಕ್ಕೆ ಬೇಕಾದದ್ದು 18,250 ಲೀಟರ್ ಮಾತ್ರ. ತಾರಸಿಯ ಪೈಪಿನಿಂದ ನೇರ ಚರಂಡಿಗೆ ಸುರಿದುಹೋಗುವ ನೀರಿನ ಲೆಕ್ಕ ಇದು. ಬೆಂಗಳೂರಿನಲ್ಲಿ ಮಳೆಕೊಯ್ಲನ್ನು ಕಡ್ಡಾಯ ಮಾಡಿ 2009ರಲ್ಲಿ ಕಾನೂನೇ ತರಬೇಕಾಯಿತು.

ಹಳೆಯದೆಲ್ಲ ಹೊನ್ನಲ್ಲ

ಹಾಗೆಂದು ತೊಟ್ಟಿ ಮನೆಯನ್ನು ಹಾಡಿ ಹೊಗಳುವವರು ಅದರಲ್ಲಿ ಒಂದು ಮಳೆಗಾಲ ಕಳೆದು ಬರಬೇಕು. ವರ್ಷವರ್ಷವೂ ಹೆಂಚು ಕೈಯಾಡಿಸಬೇಕು. ಇಲ್ಲಿನ ಕೋತಿಗಳಂತೂ ಹೆಂಚು ಸರಿಸುವುದನ್ನು ಕಸುಬೇ ಮಾಡಿಕೊಂಡಿವೆ. ಸೋರುವ ಮಾಡು, ಗೆದ್ದಲು ಹಿಡಿದ ತೊಲೆ, ಹೊಗೆ ಹಿಡಿದು ಕಪ್ಪಾದ ಅಡುಗೆಮನೆ. ಆ ಹೊಗೆ ನುಂಗಿದವರು ಹೆಂಗಸರು. ಕಕ್ಕಸು ಹಿತ್ತಿಲ ತುದಿಯಲ್ಲಿ. ಮೊಣಕಾಲು ನೋವಿನ ಅಜ್ಜಿ ರಾತ್ರಿ ಅಷ್ಟು ದೂರ ಹೋಗುವುದು ಹೇಗೆ? ತಿಂಗಳಿಗೆ ಮೂರು ದಿನ ಹೆಣ್ಣುಮಕ್ಕಳು ಒಳಗೆ ಕಾಲಿಡದೆ ಮೂಲೆಯಲ್ಲಿ ಕೂರಬೇಕಿದ್ದುದೂ ಇದೇ ಮನೆಗಳಲ್ಲಿ. ಜಗಲಿಯ ತನಕ ಯಾರು, ಪಡಸಾಲೆಯ ತನಕ ಯಾರು, ಬೀದಿಯಲ್ಲೇ ನಿಲ್ಲಬೇಕಾದವರು ಯಾರು ಎಂಬುದನ್ನೂ ಆ ನಕ್ಷೆ ಅಳೆದೇ ಇಟ್ಟಿತ್ತು. ಹೊಸ ಮನೆಯಲ್ಲಿ ಕೋಣೆಗೇ ಹೊಂದಿಕೊಂಡ ಬಚ್ಚಲು, ಗ್ಯಾಸ್ ಒಲೆ, ನಿಂತು ಅಡುಗೆ ಮಾಡುವ ಕಟ್ಟೆ ಬಂದದ್ದನ್ನು ಯಾರಾದರೂ ಹಾಳಾದ ಕಾಲ ಎಂದರೆ ಆ ಮನೆಯ ಸೊಸೆಯಂದಿರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಪಾಲಿನ ಗೋಜಲು ಬೇರೆ. ಒಂದು ತೊಟ್ಟಿ ಮನೆಗೆ ಆರು ಜನ ವಾರಸುದಾರರು. ಒಬ್ಬರು ಮೈಸೂರಿನಲ್ಲಿ, ಇಬ್ಬರು ಬೆಂಗಳೂರಿನಲ್ಲಿ, ಒಬ್ಬರು ಅಮೆರಿಕದಲ್ಲಿ. ಸೂರು ಕಟ್ಟಿಸುವ ಖರ್ಚು ಯಾರದು? ಬೀಗ ಬೀಳುವುದು ಹೀಗೆ. ಕೆಡವಿದರೆ ಕಂಬ, ದಾರಂದ, ಬಾಗಿಲು ನಗರದ ಹಳೆಸಾಮಾನಿನ ಅಂಗಡಿ ಸೇರುತ್ತವೆ.

ಇನ್ನೊಂದು ಮಾತು. ಹಳೆಯದು ಎನ್ನುವ ಮಂಗಳೂರು ಹೆಂಚೂ ಒಂದು ಕಾಲದ ಹೊಸ ಫ್ಯಾಷನ್ನೇ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೆ ಮೊದಲು ಇದ್ದದ್ದು ಕುಂಬಾರರು ಮಾಡುವ ಅರೆಗೊಳವೆಯ ನಾಡಹೆಂಚು. ಅಚ್ಚಿನಲ್ಲಿ ಒತ್ತಿದ ಕೆಂಪು ಹೆಂಚು ಬಂದಾಗ ಅಂದಿನ ಹಿರಿಯರೂ ಮೂಗು ಮುರಿದಿದ್ದರೆ ಆಶ್ಚರ್ಯವಿಲ್ಲ.

ಗಾಜು ಹೊದ್ದ ತೊಟ್ಟಿ

ಈಗಿನ ತಮಾಷೆ ಏನೆಂದರೆ, ಮೇಲುಕೋಟೆಯಂಥ ಊರಿನಲ್ಲಿ ತೊಟ್ಟಿ ಮುಚ್ಚಿ ಆರ್‌ಸಿಸಿ ಹಾಕಿಸುತ್ತಿರುವ ಹೊತ್ತಿನಲ್ಲೇ ಮೈಸೂರು, ಬೆಂಗಳೂರಿನ ಹೊಸ ಮನೆಗಳಲ್ಲಿ ‘ಕೋರ್ಟ್‌ಯಾರ್ಡ್’ ಎಂಬ ಹೆಸರಿನಲ್ಲಿ ತೊಟ್ಟಿ ಮರಳಿ ಬಂದಿದೆ. ಎರಡು ಅಂತಸ್ತಿನೆತ್ತರದ ಹಾಲ್, ಅಡುಗೆಮನೆಗೂ ಊಟದ ಜಾಗಕ್ಕೂ ನಡುವೆ ಗೋಡೆಯಿಲ್ಲದ ‘ಓಪನ್ ಕಿಚನ್’, ಮಧ್ಯೆ ನುಣುಪು ಬೆಣಚುಕಲ್ಲು ಹರಡಿದ ಒಂದು ಚೌಕ, ಅದರಲ್ಲೊಂದು ತುಳಸಿಕಟ್ಟೆ ಅಥವಾ ಬುದ್ಧನ ವಿಗ್ರಹ. ಪಕ್ಕಕ್ಕೆ ಯಾವುದೋ ಹಳ್ಳಿಯ ಹಳೆ ಮನೆಯಿಂದ ಬಂದ ಮರದ ಕಂಬ. ಆ ಕಂಬ ಏನನ್ನೂ ಹೊತ್ತಿರುವುದಿಲ್ಲ.

ಮೇಲೆ ನೋಡಿದರೆ ಗಾಜು ಅಥವಾ ಪಾಲಿಕಾರ್ಬೊನೇಟ್ ಹಾಳೆ. ಕಳ್ಳರ ಭಯ, ಸೊಳ್ಳೆ, ಧೂಳು, ಮಳೆ ಎಲ್ಲಕ್ಕೂ ಅದು ಉತ್ತರ ಎಂದು ಎಂಜಿನಿಯರರು ಹೇಳುತ್ತಾರೆ. ಆದರೆ ಪೂರ್ತಿ ಮುಚ್ಚಿದ ಗಾಜು ಬಿಸಿಲನ್ನು ಒಳಕ್ಕೆ ಬಿಡುತ್ತದೆ, ಬಿಸಿಗಾಳಿಯನ್ನು ಹೊರಕ್ಕೆ ಬಿಡುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಮಹಡಿಯ ಕೋಣೆಗಳು ಹಬೆಯ ಪಾತ್ರೆಯಾಗುತ್ತವೆ. ಕೊನೆಗೆ ತೊಟ್ಟಿಯ ಮನೆಗೇ ಏ.ಸಿ. ಹಾಕಿಸುವ ಪಾಡು. ಗಾಜಿನ ಚಾವಣಿಯನ್ನು ಗೋಡೆಯಿಂದ ಒಂದಡಿ ಮೇಲೆತ್ತಿ ಸುತ್ತಲೂ ಬಲೆಯ ಕಿಂಡಿ ಬಿಟ್ಟರೆ ಗಾಳಿಯ ದಾರಿ ತೆರೆಯುತ್ತದೆ; ಖರ್ಚೂ ಹೆಚ್ಚಿಲ್ಲ.

ತೊಟ್ಟಿ ದೊಡ್ಡವರ ಮನೆಯ ಶೋಕಿ ಎನ್ನುವುದೂ ಪೂರ್ತಿ ನಿಜವಲ್ಲ. ಮಂಡ್ಯವೋ ಮೈಸೂರೋ, ಯಾವುದೇ ಬಡಾವಣೆಯ 30-40 ನಿವೇಶನವನ್ನು ನೋಡಿ. ಎಡಬಲದವರು ಗಡಿಯ ತನಕ ಕಟ್ಟಿರುತ್ತಾರೆ. ಕಿಟಕಿ ತೆರೆದರೆ ಎರಡು ಅಡಿಯಾಚೆ ಅವರ ಗೋಡೆ. ಅಂದರೆ ಮೇಲುಕೋಟೆಯ ಸಾಲುಮನೆಯ ಸ್ಥಿತಿಯೇ ಇದು. ನಡುವೆ ಆರಡಿ ಎಂಟಡಿಯ ಒಂದು ತೆರವನ್ನು ಬಿಟ್ಟುಕೊಂಡರೆ ನಾಲ್ಕು ಕೋಣೆಗೆ ಹಗಲು ದೀಪ ಬೇಡ. ‘ಅರ್ಧ ಚದರ ಜಾಗ ದಂಡ’ ಎಂದು ಮೇಸ್ತ್ರಿ ಹೇಳುವ ಮಾತಿಗೆ ಹೆಚ್ಚಿನವರು ಬಗ್ಗುತ್ತಾರೆ. ಆಮೇಲೆ ಮಗಳು ಹಗಲು ಹನ್ನೆರಡು ಗಂಟೆಗೆ ಟ್ಯೂಬ್‌ಲೈಟ್ ಹಾಕಿಕೊಂಡು ಓದುತ್ತಾಳೆ.

ಓದುವ ಕೋಣೆಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಹಳೆ ಮನೆಯಲ್ಲಿ ಮಕ್ಕಳಿಗೆಂದು ಕೋಣೆ ಇರಲಿಲ್ಲ. ತೊಟ್ಟಿಯ ಅಂಚಿನಲ್ಲಿ ಬೆಳಕಿದ್ದಷ್ಟು ಹೊತ್ತು ಓದು, ಸುತ್ತ ಮನೆಮಂದಿಯ ಓಡಾಟ. ಪಿಯುಸಿ ಪರೀಕ್ಷೆಗೆ ಕೂತ ಹುಡುಗನಿಗೆ ಮುಚ್ಚಿಕೊಳ್ಳಲು ಒಂದು ಬಾಗಿಲು ಬೇಕು, ಅನುಮಾನವಿಲ್ಲ. ಆದರೆ ಬಾಗಿಲ ಜತೆಗೆ ಕಿಟಕಿಯೂ ಬೇಕಲ್ಲ!

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ವಿಭಾಗವನ್ನು ಹಳ್ಳಿಗಳ ಜನ ಹೊಗೆ ಕಡಿಮೆ ಮಾಡಿದ ಅಸ್ತ್ರ ಒಲೆಯಿಂದ ಬಲ್ಲರು. ಅದೇ ವಿಭಾಗದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿನ ಇಟ್ಟಿಗೆಯ ಮೇಲೂ ಕೆಲಸ ಮಾಡಿದರು. ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿದ ಇಟ್ಟಿಗೆ ಅದು; ಸುಡುವ ಕೆಲಸವಿಲ್ಲ, ಸೌದೆ ಬೇಡ. ಕೇರಳದಲ್ಲಿ ನೆಲೆಸಿದ್ದ ಲಾರಿ ಬೇಕರ್ ಜನಪ್ರಿಯಗೊಳಿಸಿದ ಇನ್ನೊಂದು ಉಪಾಯ, ತಾರಸಿಯೊಳಗೆ ಹಳೆ ಹೆಂಚು ಹುದುಗಿಸುವುದು. ತಾರಸಿಯ ಮೇಲ್ಭಾಗದ ಕಾಂಕ್ರೀಟು ಒತ್ತಡವನ್ನು ತಾಳುತ್ತದೆ, ಕೆಳಗಿನ ಎಳೆತವನ್ನು ತಾಳುವುದು ಕಬ್ಬಿಣ. ಕಂಬಿಗಳ ನಡುವೆ ಕೆಳಗಿರುವ ಕಾಂಕ್ರೀಟಿಗೆ ಹೇಳಿಕೊಳ್ಳುವಂಥ ಕೆಲಸವಿಲ್ಲ. ಅಲ್ಲಿಗೆ ಹೆಂಚು ಇಟ್ಟರೆ ಸಿಮೆಂಟು ಉಳಿಯಿತು, ಬಿಸಿಯೂ ತಗ್ಗಿತು. ಕುಸಿದ ತೊಟ್ಟಿ ಮನೆಯ ಹೆಂಚಿಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿ?

ಕವಿಯ ಮನೆ, ಎರಡು ಪರೀಕ್ಷೆ

ಪು.ತಿ. ನರಸಿಂಹಾಚಾರ್ ಹುಟ್ಟಿದ್ದು 1905ರಲ್ಲಿ, ಇದೇ ಊರಿನಲ್ಲಿ. ಕವಿಯ ಮನೆಯನ್ನು ಇಲ್ಲಿ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಪಠ್ಯಪುಸ್ತಕದಲ್ಲಿ ಅವರ ಪದ್ಯ ಓದಿದ ಮಕ್ಕಳು ಅಲ್ಲಿಗೆ ಹೋದರೆ ಫೋಟೊ ನೋಡಿ ಹೊರಬರುವುದಲ್ಲದೆ ಮನೆಯನ್ನೂ ನೋಡಬೇಕು: ಮೆಟ್ಟಿಲು ಎಷ್ಟು ಎತ್ತರ, ಬಾಗಿಲು ಎಷ್ಟು ಕುಳ್ಳು, ಬೆಳಕು ಎಲ್ಲಿಂದ ಬೀಳುತ್ತದೆ.

ಊರಿಗೆ ಮರಳಿದ ಮೇಲೆ ತಮ್ಮ ಮನೆಯಲ್ಲೇ ಎರಡು ಪರೀಕ್ಷೆ ಮಾಡಬಹುದು. ನಡುಹಗಲು ದೀಪವೆಲ್ಲ ಆರಿಸಿ ಪ್ರತಿ ಕೋಣೆಯಲ್ಲೂ ಪತ್ರಿಕೆ ಓದಲು ಬರುತ್ತದೆಯೇ ನೋಡುವುದು ಒಂದು. ಮಧ್ಯಾಹ್ನ ಎರಡಕ್ಕೆ ಹೊರಗಿನ ನೆರಳಿನಲ್ಲಿ, ಹಾಲ್‌ನಲ್ಲಿ, ಮಹಡಿಯ ಕೋಣೆಯಲ್ಲಿ ಉಷ್ಣಮಾಪಕ ಇಟ್ಟು ಬರೆದುಕೊಳ್ಳುವುದು ಇನ್ನೊಂದು. ಮನೆ ಇನ್ನೂ ಕಾಗದದ ಮೇಲಿದ್ದರೆ ಆ ಅಂಕಿಗಳನ್ನು ಹಿಡಿದು ಅಪ್ಪ ಅಮ್ಮ ಎಂಜಿನಿಯರರ ಹತ್ತಿರ ಹೋಗಲಿ. ಗೃಹಪ್ರವೇಶವಾದ ಮೇಲೆ ಗೋಡೆ ಒಡೆಸುವುದು ಯಾರಿಗೂ ಆಗದ ಮಾತು.

ಮೈಸೂರಿನಿಂದ ಮೇಲುಕೋಟೆಗೆ ಸುಮಾರು 50 ಕಿ.ಮೀ. ರೈಲಿನಲ್ಲಿ ಬರುವವರು ಪಾಂಡವಪುರದಲ್ಲಿಳಿದು ಬಸ್ಸು ಹಿಡಿಯಬಹುದು. ಬೀದಿ ನೋಡಲು ಬರುವವರಿಗೆ ಬೆಳಗಿನ ಹೊತ್ತೇ ಮೇಲು. ಬಿಸಿಲೇರಿದರೆ ಬಂಡೆ ಕಾಯುತ್ತದೆ.

ಮಾರ್ಚ್-ಏಪ್ರಿಲ್ ಸುಮಾರಿಗೆ ಬರುವ ವೈರಮುಡಿಯ ದಿನ ಮಾತ್ರ ಬೀದಿಯ ಚಹರೆಯೇ ಬೇರೆ. ಮಂಡ್ಯದ ಖಜಾನೆಯಿಂದ ಕಿರೀಟ ಬರುತ್ತದೆ, ದೇವರು ರಾತ್ರಿ ಬೀದಿಗಿಳಿಯುತ್ತಾನೆ. ಬೀಗ ಹಾಕಿದ ಮನೆಗಳೂ ಕೆಲವು ತೆರೆದುಕೊಳ್ಳುತ್ತವೆ. ಊರೂರಿನ ಜನಕ್ಕೆ ಕೂರಲು, ಮಗುವನ್ನು ಮಲಗಿಸಲು, ಬುತ್ತಿ ಬಿಚ್ಚಲು ಜಗಲಿಗಳೇ ಛತ್ರ. ಒಂದು ಕಾಲಕ್ಕೆ ಯಾರು ಹತ್ತಬಾರದು ಎಂದು ಅಳೆದಿದ್ದ ಜಗಲಿಗಳೂ ಆ ರಾತ್ರಿ ಯಾರ ಊರು, ಯಾರ ಕುಲ ಎಂದು ಕೇಳುವುದಿಲ್ಲ. ಗೇಟಿರುವ ಹೊಸ ಮನೆಯ ಮುಂದೆ ಜನ ನಿಂತೇ ಇರುತ್ತಾರೆ. ಮಂಡ್ಯ, ಮೈಸೂರಿನ ಬಡಾವಣೆಗಳಲ್ಲಿ ತಮ್ಮ ನಿವೇಶನದೊಳಗೇ ಕಾಂಪೌಂಡನ್ನು ಎರಡಡಿ ಹಿಂದಕ್ಕೆ ಸರಿಸಿ ಹೊರಗೊಂದು ಕಲ್ಲುಚಪ್ಪಡಿ ಹಾಕಿಸಿದವರ ಮನೆ ಅಲ್ಲೊಂದು ಇಲ್ಲೊಂದು ಕಾಣುತ್ತದೆ. ಸಂಜೆ ವಾಕಿಂಗ್ ಹೊರಟ ಹಿರಿಯರು, ಶಾಲೆಯ ವ್ಯಾನಿಗೆ ಕಾಯುವ ಮಕ್ಕಳು, ತರಕಾರಿ ಬುಟ್ಟಿ ಇಳಿಸಿದ ಹೆಂಗಸು, ಯಾರಾದರೂ ಒಬ್ಬರು ಅದರ ಮೇಲೆ ಕೂತಿರುತ್ತಾರೆ.