ಎಲೆಯುದುರಿದ ಮರಗಳ ಧಾರವಾಡ

ಧಾರವಾಡವನ್ನು ನೋಡಬಯಸುವವರು ಸಾಮಾನ್ಯವಾಗಿ ಶ್ರಾವಣ ಮಾಸವನ್ನು ಆರಿಸಿಕೊಳ್ಳುತ್ತಾರೆ. ಜಿಟಿಜಿಟಿ ಮಳೆ, ಹಸಿರುಟ್ಟ ದಿನ್ನೆಗಳು, ತುಂಬಿದ ಕೆಲಗೇರಿ ಕೆರೆ—ಇವುಗಳ ಚೆಲುವನ್ನು ಅಲ್ಲಗಳೆಯುವವರಾರು? ಆದರೆ ಈ ಸೀಮೆಯ ಮರಗಳ ನಿಜವಾದ ಪರಿಚಯವಾಗಬೇಕಾದರೆ ಮಾಘ-ಫಾಲ್ಗುಣಗಳಲ್ಲಿ ಬರಬೇಕು. ಶ್ರಾವಣದಲ್ಲಿ ಕಾಣುವುದು ಮರದ ಉಡುಗೆ; ಮಾಘದಲ್ಲಿ ಕಾಣುವುದು ಅದರ ಮೈಕಟ್ಟು.

ಯುರೋಪಿನಲ್ಲಿ ಓಕ್ ಮರಗಳು ಚಳಿಗಾಲಕ್ಕೆ ಎಲೆಯುದುರಿಸುತ್ತವೆ. ಅವುಗಳ ಸೊಟ್ಟಸೊಟ್ಟ ಬರಿಗೊಂಬೆಗಳ ಗಾಂಭೀರ್ಯಕ್ಕೆ ಮನಸೋತ ಜರ್ಮನಿಯ ಚಿತ್ರಕಾರ ಫ್ರೀಡ್ರಿಖ್ 1810ರ ಸುಮಾರಿಗೆ ಅವನ್ನು ಚಿತ್ರಪಟಕ್ಕಿಳಿಸಿದನು. ಅಲ್ಲಿ ನೆಲ ಹೆಪ್ಪುಗಟ್ಟಿ ಬೇರಿಗೆ ನೀರು ದಕ್ಕದು. ಇಲ್ಲಿ ನೆಲ ಒಣಗಿ ದಕ್ಕದು. ಕಾರಣ ಬೇರೆಯಾದರೂ ಉಪಾಯವೊಂದೇ. ಎಲೆಗಳಿಂದ ನೀರು ಆವಿಯಾಗಿ ಹೋಗದಂತೆ ಮರವು ಅವನ್ನು ಕಳಚಿಬಿಡುತ್ತದೆ. ತೊಟ್ಟಿನ ಬುಡದಲ್ಲಿ ಬೆಂಡಿನಂತಹ ಪದರವೊಂದು ಬೆಳೆದು ಗಾಯವನ್ನು ಮುಚ್ಚುತ್ತದೆ. ನಲ್ಲಿಯ ನೀರಿಗಾಗಿ ದಿನವೆಣಿಸಿ ಬಲ್ಲ ಹುಬ್ಬಳ್ಳಿ-ಧಾರವಾಡದ ಗೃಹಿಣಿಯರಿಗೆ ಈ ಮಿತವ್ಯಯವನ್ನು ಬೇರೆ ವಿವರಿಸಬೇಕಿಲ್ಲ.

ಧಾರವಾಡದಿಂದ ಪಶ್ಚಿಮಕ್ಕೆ ಹಳಿಯಾಳದ ದಾರಿ ಹಿಡಿದರೆ ಸಾಗವಾನಿ ಎದುರಾಗುತ್ತದೆ. ಅದರ ಎಲೆಗಳು ಜೋಡಿಜೋಡಿಯಾಗಿ ಎದುರುಬದುರು ಹುಟ್ಟುವುದರಿಂದ ರೆಂಬೆಗಳೂ ಹಾಗೆಯೇ ಹೊರಡುತ್ತವೆ. ತುದಿಯಲ್ಲಿ ಹೂಗೊಂಚಲು ಬಂದಲ್ಲಿ ಆ ಕವಲಿನ ನೇರ ಬೆಳವಣಿಗೆ ನಿಂತು, ಕೆಳಗಿನಿಂದ ಎರಡು ಕವಲುಗಳೇಳುತ್ತವೆ. ಒಣಗಿದ ಕಾಯಿಗೊಂಚಲುಗಳಿಂದಲೇ ಅದನ್ನು ದೂರದಿಂದ ಗುರುತಿಸಬಹುದು. ಬೂರಲದ ರೀತಿ ಬೇರೆ: ನೆಟ್ಟಗಿನ ಕಾಂಡದ ಸುತ್ತ ಕೊಂಬೆಗಳು ಅಂತಸ್ತು ಅಂತಸ್ತಾಗಿ ಅಡ್ಡಕ್ಕೆ ಚಾಚಿರುತ್ತವೆ, ದೀಪಸ್ತಂಭದ ಹಾಗೆ. ಎಳೆಯ ಕಾಂಡದ ತುಂಬ ಮುಳ್ಳು. ಬರಿಗೊಂಬೆಗಳಲ್ಲಿ ಕೆಂಪು ಹೂವರಳಿದಾಗ ಕಾಗೆ-ಗೊರವಂಕಗಳಿಗೆ ಹಬ್ಬ. ಪತ್ರಾವಳಿಗೆ ಎಲೆ ಕೊಡುವ ಮುತ್ತಲವಾದರೋ ಸೊಟ್ಟ ಮೈಯದು. ಆದರೂ ಎಲೆಯುದುರಿದ ಮೇಲೆ ಕೆಂಡದಂತೆ ಹೂತು ನಿಂತಾಗ ಅದರ ಡೊಂಕನ್ನು ಎಣಿಸುವವರಿಲ್ಲ.

ಊರೊಳಗಿನ ಮರಗಳಿಗೆ ಮಾತ್ರ ಈ ಸಹಜ ಮೈಕಟ್ಟು ಉಳಿಯುವುದು ಕಷ್ಟವಾಗಿದೆ. ಅವಳಿ ನಗರಗಳ ನಡುವೆ ತ್ವರಿತ ಬಸ್ಸುಗಳಿಗಾಗಿ ರಸ್ತೆಯನ್ನು ಅಗಲಗೊಳಿಸಿದಾಗ ಇಕ್ಕೆಲದ ಹಳೆಯ ಮರಗಳು ಕೊಡಲಿಗೆ ಬಲಿಯಾದವು. 2018ರಲ್ಲಿ ಆ ಹಾದಿಯ ಮೇಲೆ ‘ಚಿಗರಿ’ ಬಸ್ಸುಗಳು ಓಡತೊಡಗಿದವು. ಪ್ರಯಾಣಿಕರಿಗೆ ಅನುಕೂಲವಾದುದು ನಿಜ; ಕಳೆದುಹೋದ ನೆರಳೂ ಅಷ್ಟೇ ನಿಜ. ಉಳಿದ ಮರಗಳಿಗೆ ವಿದ್ಯುತ್ ತಂತಿಗಳ ಕಾಟ. ತಂತಿಗೆ ತಾಗುವುದೆಂದು ಕೊಂಬೆಯನ್ನು ಅರ್ಧಕ್ಕೆ ಕಡಿದರೆ ಮೊಂಡುತುದಿಯಿಂದ ಕಸಬರಿಗೆಯಂತೆ ಎಳೆಗವಲುಗಳೇಳುತ್ತವೆ. ಅವುಗಳ ಬುಡ ಗಟ್ಟಿಯಾಗದೆ ಗಾಳಿಗೆ ಸೀಳಿ ಬೀಳುತ್ತವೆ. ಆಗ ಅಪಾಯಕಾರಿಯೆಂಬ ಹೆಸರು ಬರುವುದು ಮರಕ್ಕೆ, ಕಡಿದವರಿಗಲ್ಲ!

ಇನ್ನು ಕೆಲವರು ಮನೆಯ ಮುಂದೆ ಬೋಳಾಗಿ ನಿಂತ ಮರವನ್ನು ಸತ್ತಿತೆಂದೇ ತಿಳಿದು ಕಡಿಸಿಬಿಡುತ್ತಾರೆ. ಅವಸರ ಬೇಡ. ಎಳೆಯ ರೆಂಬೆಯೊಂದರ ತೊಗಟೆಯನ್ನು ಉಗುರಿನಿಂದ ಮೆಲ್ಲನೆ ಕೆರೆದು ನೋಡಬೇಕು. ಒಳಗೆ ಹಸಿ ಹಸಿರು ಕಂಡರೆ ಜೀವವಿದೆಯೆಂದೇ ಅರ್ಥ. ಯುಗಾದಿಯ ಹೊತ್ತಿಗೆ ತೋರಣದ ಮಾವಿನೆಲೆಯನ್ನು ಅರಸುವ ಮಕ್ಕಳಿಗೆ ಈ ಬೋಳುಮರಗಳನ್ನೂ ಒಮ್ಮೆ ತೋರಿಸಿ, ಹೆಸರು ಹೇಳಿಕೊಡುವುದು ಲೇಸು. ಎಲೆಯಿಲ್ಲದಾಗಲೂ ಗುರುತು ಹಿಡಿದು ಹೆಸರಿನಿಂದ ಕರೆಯಬಲ್ಲ ಮರದ ಮೇಲೆ ಕೈ ಅಷ್ಟು ಸುಲಭವಾಗಿ ಏಳುವುದಿಲ್ಲ.